ಬಿದ್ದ ಅಂದವನು ಎದ್ದ ಅನ್ನಲೇಬೇಕಾ?

ಎರಡು ಭಾನುವಾರದ ಹಿಂದೆ ತೆರಕಣಾಂಬಿಯ ಕಬಡ್ಡಿ ಮೈದಾನದಲ್ಲಿ ಒಬ್ಬ ತಾಯಿ ಮುದ್ದೆ ಕೋಲು ಹಿಡಿದು ನನ್ನನ್ನು ಅಟ್ಟಿಸಿಕೊಂಡು ಬಂದರು. ಕೋಲು ಎಂಟಡಿ ಉದ್ದವಿತ್ತು. (ಆಯ್ತು, ಎರಡಡಿ. ಆದರೆ ಅದು ನಿಮ್ಮ ಬೆನ್ನ ಹಿಂದೆ ಬರುತ್ತಿದ್ದರೆ ನೀವೂ ಎಂಟೇ ಅನ್ನುತ್ತಿದ್ದಿರಿ.) ಅದರ ತುದಿಯಲ್ಲಿ ಹಿಟ್ಟು ಇನ್ನೂ ಹಬೆಯಾಡುತ್ತಿತ್ತು.

ನಾನು ಮಾಡಿದ್ದಾದರೂ ಏನು? ಕಾಮೆಂಟರಿ ಹೇಳಿದ್ದು. ಅಷ್ಟೇ.

ನಿಮಗೆ ಗೊತ್ತಿರುವಂತೆ, ನಾನು ಸೆಕೆಂಡ್ ಪಿಯುಸಿ ಹುಡುಗ ಅನ್ನುವುದು ಕಾಲೇಜಿನವರ ಅಭಿಪ್ರಾಯ. ಹುಟ್ಟಿನಿಂದ ನಾನು ಕಾಮೆಂಟೇಟರ್. ಗುಂಡ್ಲುಪೇಟೆಯ ನಮ್ಮ ಬೀದಿಯಲ್ಲಿ ಎರಡು ನಾಯಿ ಜಗಳಕ್ಕೆ ನಿಂತರೂ ಜನ ಮೊದಲು ನನ್ನ ಬಾಯಿ ನೋಡುತ್ತಾರೆ. ನಮ್ಮವ್ವ ದೋಸೆ ಮಗುಚುವುದಕ್ಕೂ ನಾನು ಕಾಮೆಂಟರಿ ಕೊಟ್ಟವನು. (ಆ ಸರಣಿ ಒಂದೇ ದೋಸೆಗೆ ರದ್ದಾಯಿತು.)

ಆದರೆ ನಮ್ಮ ಸೀಮೆಯಲ್ಲಿ ಕಬಡ್ಡಿ ಕಾಮೆಂಟರಿ ಅಂದರೆ ಇದ್ದದ್ದು ಒಂದೇ ಹೆಸರು, ಮುನೀರಣ್ಣ. ಚಾಮರಾಜನಗರದಲ್ಲಿ ಹಾಸಿಗೆ ಅಂಗಡಿ. ವಾರವೆಲ್ಲ ಹತ್ತಿ ತುಂಬಿ ಹೊಲಿಯುತ್ತಾರೆ, ಭಾನುವಾರ ಮೈಕ್ ಹಿಡಿಯುತ್ತಾರೆ. ನಾನು ಹುಟ್ಟುವುದಕ್ಕೆ ಮುಂಚಿನಿಂದಲೂ ಇದೇ ಕೆಲಸ.

ನಮ್ಮಪ್ಪನ ಪ್ರಕಾರ, ಹರೆಯದಲ್ಲಿ ಮುನೀರಣ್ಣ ಬೆಂಕಿ. ರೈಡರ್ ಗೆರೆ ದಾಟಿದಾಗ ಎಳೆದ ಉಸಿರನ್ನು ಅವನು ವಾಪಸ್ ಬಂದ ಮೇಲೇ ಬಿಡುತ್ತಿದ್ದರಂತೆ. ಅಂದರೆ ರೈಡರ್ ಜೊತೆ ಇವರೂ ಕಬಡ್ಡಿ ಆಡುತ್ತಿದ್ದರು ಅಂತಾಯಿತು. ಇವರ ದನಿಗೆ ಗೋಪಾಲಸ್ವಾಮಿ ಬೆಟ್ಟದ ತಪ್ಪಲಲ್ಲಿ ಮೇಯುತ್ತಿದ್ದ ಆನೆಗಳು ಕಿವಿ ನಿಗುರಿಸುತ್ತಿದ್ದವಂತೆ. (ಆನೆ ನಮ್ಮಪ್ಪನದಲ್ಲ, ನನ್ನ ಸೇರ್ಪಡೆ.)

ಆಮೇಲೆ ಶಾಯರಿ ಕಾಲ. ಒಂದು ಪಾಯಿಂಟಿಗೆ ಎರಡು ಸಾಲು. ಆಟಗಾರರಿಗೆಲ್ಲ ಅಡ್ಡಹೆಸರು ಬೇರೆ. ಒಬ್ಬನಿಗೆ ‘ಜೆಸಿಬಿ’ ಅಂತ ಇಟ್ಟರು, ಅವನ ಮದುವೆಯಲ್ಲಿ ಊಟಕ್ಕೆ ಕೂತವರೂ ಹಾಗೇ ಕರೆದರಂತೆ. ಮುನೀರಣ್ಣ ಡೇಟು ಕೊಟ್ಟ ಮೇಲೇ ಟೂರ್ನಮೆಂಟಿನ ಡೇಟು ಗೊತ್ತಾಗುತ್ತಿತ್ತು.

ಈಗ? ಈಗ ಅವರ ಕಾಮೆಂಟರಿ ಕೇಳಿದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಂತಾಗುತ್ತದೆ. ‘ರೈಡಿಗೆ ಹೋದ. ಮುಟ್ಟಿದ. ಬಂದ. ಒಂದು ಪಾಯಿಂಟು.’ ಯಾರಾದರೂ ಬಿದ್ದರೆ ಅದೂ ಅಷ್ಟೇ, ‘ಬಿದ್ದ, ಎದ್ದ.’ ತಮಾಷೆ ಏನೆಂದರೆ ಬಿದ್ದವನು ಇನ್ನೂ ನೆಲದ ಮೇಲೇ ಇರುತ್ತಾನೆ, ಇವರು ಎದ್ದ ಅಂದಾಗಿರುತ್ತದೆ. ನಮ್ಮ ವಯಸ್ಸಿನವರೆಲ್ಲ ಅವರಿಗೆ ಬಿದ್ದಎದ್ದಣ್ಣ ಅಂತಲೇ ಹೆಸರಿಟ್ಟಿದ್ದೆವು. ಅವರನ್ನು ಅಣಕಿಸುವುದರಲ್ಲಿ ಜಿಲ್ಲೆಗೇ ನಾನು ಫಸ್ಟು. (ಸ್ಪರ್ಧೆ ನಡೆದಿಲ್ಲ. ನಡೆದರೆ ನಾನೇ.)

ಹೀಗಿರುವಾಗ ಟೂರ್ನಮೆಂಟ್ ಕಮಿಟಿಯ ಸೋಮಣ್ಣ ನನ್ನನ್ನು ಕರೆದರು. ಆ ಭಾನುವಾರ ತೆರಕಣಾಂಬಿಯಲ್ಲಿ ಸೆಮಿಫೈನಲ್, ಅದರ ಮುಂದಿನ ಭಾನುವಾರ ಗುಂಡ್ಲುಪೇಟೆಯಲ್ಲಿ ಫೈನಲ್.

“ಜನ ನಿದ್ದೆ ಒಡೀತಾವ್ರೆ ಕಣ್ಲಾ ಚಂದು. ಈ ಸಲ ಕಾಮೆಂಟರಿ ನೀನು ಏಳು. ಕುಣಿಸ್‌ಬುಟ್ರೆ ಗುಂಡ್ಲುಪೇಟೆ ಮೈಕೂ ನಿಂದೆ. ಇಲ್ದಿದ್ರೆ ಮತ್ತೆ ಮುನೀರಣ್ಣನ್ನೇ ಕರಿಬೇಕಾಯ್ತದೆ.”

ಗುಂಡ್ಲುಪೇಟೆ ಫೈನಲ್ ಮೈಕ್! ನಮ್ಮೂರಿನ ಮೈದಾನ. ಕಾಲೇಜಿನ ಎಲ್ಲ ಸೆಕ್ಷನ್ನಿನ ಹುಡುಗಿಯರೂ ಬರುತ್ತಾರೆ. ನಿಮಗೆ ಇಷ್ಟು ಸಾಕು, ನನಗೆ ಅದರ ಅರ್ಧವೇ ಸಾಕಿತ್ತು.

ತೆರಕಣಾಂಬಿಯಲ್ಲಿ ಹುಣಸೆ ಮರಕ್ಕೆ ಮೈಕಿನ ಎರಡು ಹಾರನ್ ಕಟ್ಟಿದ್ದರು. ಒಂದರ ಬಾಯಿ ಮೈದಾನದ ಕಡೆ, ಇನ್ನೊಂದರದ್ದು ಊರಿನ ಮನೆಗಳ ಕಡೆ. ಮನೆಗಳ ಕಡೆ ಯಾಕೆ ಅಂತ ನಾನು ಕೇಳಲಿಲ್ಲ. ನನ್ನಂಥ ದನಿ ಊರಿಗೂ ಸಿಗಲಿ ಅಂತಿರಬೇಕು, ಇನ್ಯಾಕೆ?

ಮುನೀರಣ್ಣನೂ ಬಂದಿದ್ದರು. ಯಾರೂ ಕರೆದಿರಲಿಲ್ಲ. ಚಾಮರಾಜನಗರದಿಂದ ಬಸ್ ಹತ್ತಿ ಬಂದು, ಟೀ ಅಂಗಡಿ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ದೂರದಿಂದಲೇ ನಮಸ್ಕಾರ ಹೊಡೆದೆ. ನಿವೃತ್ತರಿಗೆ ಹೊಡೆಯುವ ಥರದ್ದು.

ಮೊದಲ ಹಾಫ್ ನನ್ನದೇ. ಒಂದು ರೈಡಿಗೆ ಮೂರು ಹೋಲಿಕೆ ಕೊಟ್ಟೆ. ಜನ ಶಿಳ್ಳೆ ಹಾಕಿ ಹಾಕಿ ಕೊನೆಗೆ ರೆಫರಿಯ ಶಿಳ್ಳೆ ಯಾವುದು ಅಂತಲೇ ಗೊತ್ತಾಗದಂತಾಯಿತು.

ಎರಡನೇ ಹಾಫ್. ತೆರಕಣಾಂಬಿಯ ನಂದೀಶ ರೈಡಿಗೆ ಹೋದ. ನಾಲ್ಕು ಜನ ಮೈಮೇಲೆ ಬಿದ್ದರು. ನಾಲ್ವರೂ ಎದ್ದರು, ನಂದೀಶ ಮಾತ್ರ ಏಳಲಿಲ್ಲ.

ಯಾಕೆ ಏಳಲಿಲ್ಲ ಅನ್ನುವುದು ಹತ್ತಿರದಲ್ಲೇ ಇದ್ದ ನನಗೆ ಚೆನ್ನಾಗಿ ಕಾಣುತ್ತಿತ್ತು. ಎಳೆದಾಟದಲ್ಲಿ ಅವನ ಚಡ್ಡಿಯ ಲಾಡಿ ಕಿತ್ತುಹೋಗಿತ್ತು. ಆ ಕಡೆ ಹುಡುಗಿಯರ ಸಾಲು. ನೀವಾದರೆ ಏಳುತ್ತಿದ್ದಿರಾ? ಅವನು ಮಕಾಡೆ ಮಲಗಿಕೊಂಡು, ಸಪ್ಪೆ ಮುಖ ಮಾಡಿ, ಯಾರಾದರೂ ಪಿನ್ನು ತರಲಿ ಅಂತ ಕಾಯುತ್ತಿದ್ದ.

ಇಂಥ ಅವಕಾಶ ಬಿಡುವುದುಂಟೇ? ಶುರು ಮಾಡಿದೆ.

“ಬಿದ್ದಾಆಆ! ತೆರಕಣಾಂಬಿಯ ನಂದೀಶ ನೆಲಕ್ಕುರುಳಿದ! ಏಳ್ತಾನಾ? ಏಳಲ್ವಾ? ಕೈ ಆಡ್ತಿಲ್ಲ... ಕಾಲು ಆಡ್ತಿಲ್ಲ... ಕಣ್ಣಾದರೂ ಬಿಡ್ತಾನಾ ನಮ್ಮ ನಂದೀಶ?”

ಅಷ್ಟರಲ್ಲಿ ಯಾರೋ ನನ್ನ ತೋಳು ಜಗ್ಗಿದರು. ಮುನೀರಣ್ಣ. “ಎದ್ದ ಅನ್ಲಾ. ಬಿರ್‍ರನೆ ಎದ್ದ ಅನ್ನು.”

“ಎದ್ದಿಲ್ವಲ್ಲಣ್ಣ!”

“ಮೈಕ್ ಕೊಡು ಇಲ್ಲಿ.”

ಆಹಾ, ಮೈಕ್ ಮೇಲೆ ಕಣ್ಣು ಅಂದುಕೊಂಡೆ. ಬೆನ್ನು ತಿರುಗಿಸಿ ಇನ್ನೂ ಎಳೆದೆ. ತಂಡದ ಕಣ್ಣೀರು, ಊರಿನ ಕಣ್ಣೀರು, ಹುಣಸೆ ಮರದ ಕಣ್ಣೀರು, ಎಲ್ಲ ಬಂತು.

ಆಗ ಜನ ಎರಡು ಪಾಲಾಗಿ ದಾರಿ ಬಿಟ್ಟರು. ನಂದೀಶನ ತಾಯಿ ರಾಜಮ್ಮಣ್ಣಿ. ಕಾಲಲ್ಲಿ ಚಪ್ಪಲಿ ಇಲ್ಲ, ಕೈಯಲ್ಲಿ ಕೋಲು. ಮುದ್ದೆ ತಿರುವುತ್ತಿದ್ದವರು ಹಾಗೇ ಓಡಿಬಂದಿದ್ದರು.

“ಎಲ್ಲವ್ನೆ? ನನ್ ಮಗ ಎಲ್ಲವ್ನೆ?”

ಅಷ್ಟು ಹೊತ್ತಿಗೆ ನಂದೀಶನಿಗೆ ಪಿನ್ನು ಸಿಕ್ಕಿತ್ತು. ಆದರೂ ನಂಬಿಕೆ ಸಾಲದೆ ಎರಡು ಕೈಯಲ್ಲೂ ಚಡ್ಡಿ ಹಿಡಿದುಕೊಂಡು ನಿಂತಿದ್ದ.

“ಅವ್ವೋ, ನಂಗೇನೂ ಆಗಿಲ್ಲ ಕಣವ್ವ. ಓಗವ್ವ, ಮಾನ ಕಳೀಬ್ಯಾಡ.”

“ಜೀವ ಓಯ್ತು ಅಂತ ಓಡ್ಬಂದ್ರೆ ಚಡ್ಡಿ ಇಡ್ಕಂಡ್ ನಿಂತಿದ್ದಿಯೇನ್ಲಾ? ಯಾರ್ಲಾ ಅವ್ನು ಮೈಕಲ್ಲಿ ಬಡ್ಕಂಡವ್ನು?”

ಇಡೀ ಮೈದಾನ ನನ್ನ ಕಡೆ ಬೆರಳು ತೋರಿಸಿತು. ಐದು ನಿಮಿಷದ ಹಿಂದೆ ಶಿಳ್ಳೆ ಹೊಡೆದಿದ್ದ ಬೆರಳುಗಳೇ.

ನಾನು ಓಡಿದೆ. ಕೋರ್ಟಿನ ಒಳಗೇ ಓಡಿದೆ, ಬೇರೆಲ್ಲಿ ಜಾಗವಿತ್ತು? ಅವರು ಹಿಂದೆ. ಜನ ಕೇಕೆ ಹಾಕಿದರು. “ಬೋನಸ್ ಲೈನ್ ದಾಟ್ದ ಕಣ್ಲಾ!” ಅಂತ ಒಬ್ಬ. “ಬುಡ್ಬ್ಯಾಡಿ ಅಮ್ಮಣ್ಣೀ, ಕಾಲಿಡೀರಿ!” ಅಂತ ಇನ್ನೊಬ್ಬ. ನಾನು ಕೈಬಿಟ್ಟ ಮೈಕು ಅಷ್ಟರಲ್ಲಿ ಮುನೀರಣ್ಣನ ಕೈಗೆ ಹೋಗಿತ್ತು. ಆ ಗಲಾಟೆಯಲ್ಲೂ ಅದೇ ಬಸ್‌ಸ್ಟ್ಯಾಂಡ್ ದನಿ.

“ನಂದೀಶ ಚೆನ್ನಾಗವ್ನೆ. ನೀರು ಕುಡೀತಾವ್ನೆ. ರಾಜಮ್ಮಣ್ಣಿಯವ್ರು ರೈಡಿಗೆ ಬಂದವ್ರೆ. ಗುಂಡ್ಲುಪೇಟೆ ಚಂದು ಓಡ್ದ. ಬಿದ್ದ. ಎದ್ದ.”

ನಾನು ಬಿದ್ದದ್ದು ನಿಜ. ಆದರೆ ಎದ್ದಿರಲಿಲ್ಲ. ಬಾಯ್ತುಂಬ ಮಣ್ಣು ಹಾಕಿಕೊಂಡು ಬಿದ್ದೇ ಇದ್ದೆ.

ಕೋಲು ಬೀಳಲಿಲ್ಲ. ತಲೆಯೆತ್ತಿ ನೋಡಿದೆ. ರಾಜಮ್ಮಣ್ಣಿ ಅಲ್ಲೇ ಗೆರೆಯ ಮೇಲೆ ಕುಸಿದು ಕೂತಿದ್ದರು. ಯಾರೋ ನೀರು ಕೊಟ್ಟರು. ಕುಡಿಯಲು ಹೋದರೆ ನೀರೆಲ್ಲ ಸೆರಗಿನ ಮೇಲೆ ಚೆಲ್ಲಿತು. ನಂದೀಶ ಒಂದು ಕೈಯಲ್ಲಿ ಚಡ್ಡಿ ಹಿಡಿದು ಇನ್ನೊಂದು ಕೈಯಲ್ಲಿ ಅವರ ಲೋಟಕ್ಕೆ ಆಸರೆ ಕೊಟ್ಟ. ಇದಿಷ್ಟನ್ನು ಮಾತ್ರ ನಾನು ಹಿಗ್ಗಿಸಿ ಹೇಳುತ್ತಿಲ್ಲ.

ಮ್ಯಾಚು ಮುಗಿದ ಮೇಲೆ ಮುನೀರಣ್ಣನೇ ಟೀ ಕುಡಿಸಿದರು. ನನ್ನ ಅನುಮಾನ ನನಗೆ.

“ಅಲ್ಲಣ್ಣ, ನಾನಿನ್ನೂ ಎದ್ದೇ ಇರ್ನಿಲ್ಲ. ಎದ್ದ ಅಂತ ಸುಳ್ಳು ಯಾಕೇಳುದ್ರಿ?”

“ನಿನ್ ಬೆರಳಾಡ್ತಿತ್ತು, ನೋಡ್ದೆ. ಬೆರಳಾಡುದ್ರೆ ಎದ್ದಂಗೇ ಲೆಕ್ಕ.”

“ಆಡ್ದೆ ಓದ್ರೆ?”

“ಬಾಯ್ಮುಚ್ಕಂಡು ಕೈ ಬೀಸಿ ಡಾಕ್ಟ್ರ ಕರಿ. ಮೈಕಲ್ಲಿ ಮಾತ್ರ ಕರೀಬ್ಯಾಡ.”

“ನಮ್ಮವ್ವ ಗುಂಡ್ಲುಪೇಟೇಲವ್ಳೆ. ಅವ್ಳಿಗೆ ಇಲ್ಲಿದ್ದು ಎಲ್ಲಿ ಕೇಳಿಸ್ತದೆ?”

“ಯಾರವ್ವ ಎಲ್ಲವ್ಳೆ ಅಂತ ವಿಚಾರುಸ್ಕಂಡು ಕೂತ್ರೆ ಅಷ್ಟೊತ್ಗೆ ಮ್ಯಾಚೇ ಮುಗ್ದೋಯ್ತದೆ ಕಣ್ಲಾ.”

“ಮೊದ್ಲು ಬೆಂಕಿ ಉಗುಳ್ತಿದ್ರಂತಲ್ಲ. ಶಾಯರಿ ಗೀಯರಿ. ಅದ್ಯಾಕೆ ಬುಟ್ರಿ?”

ಮುನೀರಣ್ಣ ಟೀ ಲೋಟ ಕೆಳಗಿಟ್ಟರು. “ಉಮ್ಮತ್ತೂರಲ್ಲಿ ನಂಗೂ ಒಬ್ರು ಬಂದಿದ್ರು.”

“ಮುದ್ದೆ ಕೋಲಾ?”

“ಒನಕೆ.”

ಇಬ್ಬರೂ ನಕ್ಕೆವು. ಟೀ ಅಂಗಡಿಯವನೂ ನಕ್ಕ. ನಗು ನಿಂತ ಮೇಲೆ ಅವರೇ ಹೇಳಿದರು, “ಅವತ್ತಿಂದ ಬಾಯ್ತೆಗುದ್ರೆ ಸಾಕು, ಆ ಕಡೆ ಯಾವ್ದೋ ಮನೇಲಿ ಒಬ್ರು ಕೆಲಸ ನಿಲ್ಲಿಸ್ಕಂಡು ಕೇಳ್ತಾವ್ರೆ ಅನ್ನಿಸ್ತದೆ. ಆಮೇಲೆ ಶಾಯರಿ ಬರ್ನೇ ಇಲ್ಲ.”

ಮುನೀರಣ್ಣನ ಬಾಯಿ ಸತ್ತುಹೋಯಿತು ಅಂತ ನಮ್ಮ ಸೀಮೆಯೆಲ್ಲ ಮಾತಾಡಿಕೊಂಡಿತ್ತಲ್ಲ, ಕಾರಣ ಕೇಳಿದವರು ಯಾರಾದರೂ ಇದ್ದರಾ? ನಾನೂ ಕೇಳಿರಲಿಲ್ಲ. ಮೈದಾನದಲ್ಲಿ ಇದ್ದವರಿಗೆ ಕಾಮೆಂಟರಿ ಮಜಾ. ಕಣ್ಣೆದುರೇ ಆಟ ಇದೆ, ನಾನು ಎಷ್ಟು ಎಳೆದರೂ ಅವರು ಅಳೆದು ನೋಡಿಕೊಳ್ಳುತ್ತಾರೆ. ಅಡುಗೆಮನೆಯಲ್ಲಿ ಇರುವವರ ಹತ್ತಿರ ಅಳತೆಗೋಲು ಎಲ್ಲಿದೆ? ನಾನು ಹೇಳಿದ್ದೇ ಅವರಿಗೆ ಆಟ.

ಈ ಜ್ಞಾನೋದಯ ಇನ್ನೂ ಬಿಸಿಯಾಗಿರುವಾಗಲೇ ಸೋಮಣ್ಣನ ಫೋನು. ನಾನು ಓಡಿದ ವಿಡಿಯೊ ಜಿಲ್ಲೆಯ ಎಲ್ಲ ಮೊಬೈಲಿಗೂ ತಲುಪಿತ್ತು. (ನಮ್ಮ ಪ್ರಿನ್ಸಿಪಾಲರದೂ ಸೇರಿ.)

“ಸೂಪರ್ ಕಣ್ಲಾ! ಫೈನಲ್ ನಿಂದೆ. ಆ ಅಮ್ಮನ್ನೂ ಕರಸ್‌ಬುಡನ, ಆಟೋ ಕಳಿಸ್ತೀನಿ.”

ಅಮ್ಮ ಬೇಡ ಅಂದೆ. ಮೈಕು ಬೇಡ ಅನ್ನಲಿಲ್ಲ. ಅಷ್ಟೆಲ್ಲ ಒಳ್ಳೆಯವನು ನಾನಲ್ಲ.

ಮೊನ್ನೆ ಭಾನುವಾರ ಗುಂಡ್ಲುಪೇಟೆ ಫೈನಲ್. ಇಸ್ತ್ರಿ ಶರ್ಟು, ಹೊಸ ಹೇರ್‌ಕಟ್ಟು. ಮುಂದಿನ ಸಾಲಲ್ಲಿ ನಿರೀಕ್ಷಿಸಿದವರೆಲ್ಲ ಕೂತಿದ್ದರು. ಸಾಲದ್ದಕ್ಕೆ ಸೋಮಣ್ಣ ಸ್ಟ್ಯಾಂಡಿಗೆ ಫೋನು ಸಿಕ್ಕಿಸಿ ನನ್ನ ಕಾಮೆಂಟರಿಯನ್ನು ಲೈವ್ ಬಿಟ್ಟಿದ್ದರು. ಇನ್ನು ಹಾರನ್ ಯಾವ ಮರಕ್ಕೆ ಕಟ್ಟಿದರೇನು? ಎಲ್ಲ ಮನೆಯೂ ಹತ್ತಿರವೇ.

ಕೊನೆಯ ಐದು ನಿಮಿಷ. ಸ್ಕೋರು ಸಮ. ಚಾಮರಾಜನಗರ ತಂಡದ ಒಬ್ಬ ತೆಳ್ಳನೆ ಹುಡುಗ ರೈಡಿಗೆ ಬಂದ. ಹಿಡಿದರು, ಎತ್ತಿದರು, ಕೆಡವಿದರು. ದಬ್ ಅಂತ ಸದ್ದು ಬಂತು. ಹುಡುಗ ಅಂಗಾತ ಬಿದ್ದವನು ಬಿದ್ದೇ ಇದ್ದ. ಇವನ ಲಾಡಿ ಸರಿಯಾಗೇ ಇತ್ತು.

ಜನ ನನ್ನ ಕಡೆ ತಿರುಗಿದರು. ಸೋಮಣ್ಣ ಎರಡೂ ಕೈಯಲ್ಲಿ ಹಗ್ಗ ಎಳೆದಂತೆ ಸನ್ನೆ ಮಾಡಿದರು. ಎಳಿ, ಇನ್ನೂ ಎಳಿ! ನಾಲಿಗೆಯ ತುದಿಯಲ್ಲಿ ಆರು ಉಪಮೆ ಕ್ಯೂ ನಿಂತಿದ್ದವು. ನಾನು ಹುಡುಗನ ಬೆರಳು ನೋಡಿದೆ. ಏನೂ ಇಲ್ಲ. ಮೈದಾನದ ಬದಿಯಲ್ಲಿ ಕೂತಿದ್ದ ಡಾಕ್ಟರ ಕಡೆ ಕೈ ಬೀಸಿದೆ. ಅವರು ಓಡಿದರು. ಮತ್ತೆ ನೋಡಿದೆ. ಇನ್ನೂ ಇಲ್ಲ. ಇಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಡಾಕ್ಟರು ಬಗ್ಗಿ ಏನೋ ಕೇಳಿದರು. ಹೆಬ್ಬೆರಳು ಅಲ್ಲಾಡಿತು. ಆಮೇಲೆ ತೋರುಬೆರಳು.

“ಬಿದ್ದ. ಎದ್ದ,” ಅಂದೆ.

“ಏಯ್, ಇನ್ನೂ ಮಲ್ಗವ್ನಲ್ಲೋ!” ಅಂತ ಒಬ್ಬ ಕೂಗಿದ. “ಲೇ ಚಂದು, ಆಸಿಗೆ ಅಂಗ್ಡಿ ಸೇರ್ಕಂಡೇನ್ಲಾ?” ಅಂತ ಇನ್ನೊಬ್ಬ. ಮುಂದಿನ ಸಾಲಿನ ಹುಡುಗಿಯರು ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ನಕ್ಕರು. ಹುಡುಗ ಎದ್ದು ಕೂತ, ಭುಜ ತಿರುಗಿಸಿ ನೋಡಿಕೊಂಡ, ನಿಂತ. ಆಮೇಲೆ ಗೆದ್ದದ್ದು ಯಾರು ಅಂತ ನನ್ನನ್ನು ಕೇಳಬೇಡಿ. ಹೇಳಿದವನು ನಾನೇ, ಆದರೆ ಒಂದೂ ನೆನಪಿಲ್ಲ.

ಸೋಮಣ್ಣ ಮೈಕಿನ ವೈರು ಸುತ್ತುತ್ತಾ ತೀರ್ಪು ಕೊಟ್ಟರು. “ಇಂಗೇ ಸಪ್ಪೆ ಏಳೋದಾದ್ರೆ ಒರಿಜಿನಲ್ಲೇ ಅವ್ರಲ್ಲ. ಮುಂದ್ಲ ಟೂರ್ನಮೆಂಟ್‌ಗೆ ಮುನೀರಣ್ಣನ್ನೇ ಕರಿತೀನಿ, ನೀನು ಓದ್ಕೋ ಓಗು.”

ಸಂಜೆ ಮುನೀರಣ್ಣನ ಫೋನು ಬಂತು. “ಲೈವ್ ಕೇಳ್ದೆ. ಆ ಹುಡುಗ ನಮ್ ಬೀದಿಯವ್ನು. ಅವ್ನಮ್ಮ ನಮ್ಮಂಗ್ಡೀಲೇ ನಿಂತ್ಕಂಡು ಕೇಳ್ತಿದ್ರು.” ಆ ಕಡೆ ಹೊಲಿಗೆ ಮಿಷನ್ನಿನ ಸದ್ದು ಒಂದು ಗಳಿಗೆ ನಿಂತಿತು. “ಚೆನ್ನಾಗ್ ಏಳ್ದೆ ಕಣ್ಲಾ.”

ಲೆಕ್ಕ ಹಾಕಿ. ಬೆಂಕಿಯಿಂದ ಸಪ್ಪೆಗೆ ಬಂದು ಮುಟ್ಟಲು ಮುನೀರಣ್ಣನಿಗೆ ಅರ್ಧ ಆಯುಷ್ಯ ಹಿಡಿಯಿತು. ನಾನು ಎರಡೇ ಭಾನುವಾರದಲ್ಲಿ ಖ್ಯಾತನಾಗಿ, ಹಿರಿಯನಾಗಿ, ಮೂಲೆಗುಂಪೂ ಆದೆ. ಇದಕ್ಕಿಂತ ಸ್ಪೀಡಾಗಿ ಬೆಳೆದ ಕಾಮೆಂಟೇಟರ್ ಯಾರಾದರೂ ಇದ್ದರೆ ತೋರಿಸಿ, ನೋಡೋಣ?