ಎಷ್ಟು ಮಂದಿ?

ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ನಾನು ಮಾನವಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಬೇಕೆಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದೆ. ಅದು ಸಿಗದಿದ್ದರೆ ಔರಾದ್ ಕಡೆಯ ನಮ್ಮೂರು ಡಾಬಕಾಕ್ಕೆ ಮರಳಿ, ಓದು ಬಿಟ್ಟು ಲಗ್ನಕ್ಕೆ ಒಪ್ಪುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟೇ ಮೈಸೂರಿಗೆ ಹೊರಟಿದ್ದು.

ಸಂದರ್ಶನಕ್ಕೆ ಮೂವರು ಹಿರಿಯರು ಕೂತಿದ್ದರು. ನಡುವೆ ಇದ್ದವರು ಕೇಳಿದರು, “ಯಾರ ಬಗ್ಗೆ ಸಂಶೋಧನೆ ಮಾಡ್ತೀರಮ್ಮ?”

“ಮಂದಿ ಬಗ್ಗೆ ಮಾಡ್ತೇನ್ರಿ.”

“ಎಷ್ಟು ಮಂದಿ?”

“ಎಷ್ಟು ಅಂದ್ರ ಹ್ಯಾಂಗ್ರಿ? ಮಂದಿ ಅಷ್ಟೇರಿ.”

ಪಕ್ಕದವರು ನಕ್ಕರು. “ಐದು ಮಂದಿಯೋ ಐನೂರು ಮಂದಿಯೋ, ಒಂದು ಲೆಕ್ಕ ಬೇಡವೇನಮ್ಮ?”

ಆಗ ಹೊಳೆಯಿತು. ಇವರಿಗೆ ಮಂದಿ ಎಂದರೆ ಅಂಕಿಯ ಹಿಂದೆ ಬರುವ ಮಾತು. ಹೇಳಿದೆ, “ನಮ್ಮ ಕಡೆ ಮಂದಿ ಅಂದ್ರ ಜನಾರಿ. ಸತ್ತಾಗ ಕರೀದೇ ಬರೋರು, ಲಗ್ನಕ್ಕ ಕರೀಲಿಲ್ಲಂತ ಸಿಟ್ಟಾಗೋರು. ಅವರನ್ನ ಎಣಸೋದಿಲ್ರಿ.”

ನಡುವಿನವರು ಪೆನ್ನು ತೆಗೆದು ಆ ಮಾತನ್ನು ಹಾಗೇ ಬರೆದುಕೊಂಡರು. ವಿದ್ಯಾರ್ಥಿವೇತನ ಸಿಕ್ಕಿತು. ಆಮೇಲೆ ಇಲ್ಲೇ ಕೆಲಸ, ಇಲ್ಲೇ ಮದುವೆ, ಇಲ್ಲೇ ಮನೆ. ಡಾಬಕಾಕ್ಕೆ ಹೋಗುವುದು ವರ್ಷಕ್ಕೊಮ್ಮೆ ಆಯಿತು, ಕೊನೆಗೆ ಅದೂ ನಿಂತಿತು.

ಮೊನ್ನೆ ಸಮೀಕ್ಷೆಗೆ ಬಂದ ಹುಡುಗಿ ಬಾಗಿಲಲ್ಲೇ ಕೇಳಿದಳು, “ಎಷ್ಟು ಮಂದಿ ಇದ್ದೀರಜ್ಜಿ?”

“ಇಬ್ಬರು” ಎಂದೆ. ಅವಳು ಬರೆದುಕೊಂಡು ಹೋದಳು. ಮಂದಿ ಎಲ್ಲಾ ಡಾಬಕಾದಲ್ಲಿದ್ದಾರೆ ಎಂದಿದ್ದರೆ ಪಾಪ, ಯಾವ ಕಾಲಮ್ಮಿನಲ್ಲಿ ಬರೆಯುತ್ತಿದ್ದಳೋ.