ಅಡವಯ್ಯನ ಕರ್ನಲ್‌ನ ಹನ್ನೊಂದು ಮುಖಗಳು

ಮಧುಗಿರಿ ಬಸ್‌ಸ್ಟ್ಯಾಂಡ್ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಅಡವಯ್ಯನಿಗೆ ರಿಪೇರಿ ಎಂದರೆ ಸಿಟ್ಟು. "ನಾನು ಕರ್ನಲ್ ಕಟ್ಟೋನು" ಎನ್ನುತ್ತಾನೆ. ಯಂತ್ರ ಆನ್ ಆದ ಕೂಡಲೇ ಎದ್ದು ಕೀಬೋರ್ಡು, ಪರದೆ ಎಲ್ಲಕ್ಕೂ ಕೆಲಸ ಹಂಚುವ ಮೂಲ ತಂತ್ರಾಂಶವೇ ಕರ್ನಲ್. ಬೇಡದ್ದನ್ನು ಕಿತ್ತು ಅದನ್ನು ಅಂಗೈಯಗಲದ ಒಂದೇ ಹಳೇ ಫ್ಲಾಪಿ ಡಿಸ್ಕಿಗೆ ಇಳಿಸಬಲ್ಲ. ಕೈಚಳಕ ಇದೆ, ಇಲ್ಲ ಎನ್ನಲಾರೆ. ಗರ್ವ ಅದಕ್ಕಿಂತ ಒಂದು ಹಿಡಿ ಹೆಚ್ಚು.

ನಾನು ಮೇಷ್ಟ್ರಾಗಿರುವ ಚನ್ನರಾಯನದುರ್ಗ ಹೋಬಳಿಯ ಹೈಸ್ಕೂಲಿನಲ್ಲಿ ದಾನಕ್ಕೆ ಬಂದ ಎಂಟು ಹಳೇ ಕಂಪ್ಯೂಟರುಗಳಿದ್ದವು. ಎಂಟರದೂ ಹಾರ್ಡ್ ಡಿಸ್ಕ್ ಕೆಟ್ಟಿತ್ತು, ತಂತ್ರಾಂಶ ತುಂಬಲು ಉಳಿದದ್ದು ಫ್ಲಾಪಿ ಡ್ರೈವ್ ಮಾತ್ರ. ಶನಿವಾರ ಅಧಿಕಾರಿ ಬಂದಾಗ ನಡೆಯದಿದ್ದರೆ ಗುಜರಿಗೆ ಹಾಕಿ ಎಂದು ಶಿಕ್ಷಣ ಇಲಾಖೆಯಿಂದ ಕಾಗದ ಬಂತು. ನಮ್ಮ ಮಕ್ಕಳು ಪುಸ್ತಕದಲ್ಲಿರುವ ಕೀಬೋರ್ಡಿನ ಚಿತ್ರದ ಮೇಲೆ ಬೆರಳಿಟ್ಟು ಟೈಪಿಂಗ್ ಕಲಿಯುವವರು. ಅಡವಯ್ಯನನ್ನು ಕರೆಸಿದೆ.

ಮಂಗಳವಾರ ಅವನ ಫ್ಲಾಪಿ ಹಾಕಿದರೆ ಯಂತ್ರ ಎದ್ದೇಬಿಟ್ಟಿತು. ಮಕ್ಕಳು ತಂತಮ್ಮ ಹೆಸರು ಒತ್ತಿ ಕುಣಿದರು. ಅಲ್ಲಿಗೇ ಬಿಟ್ಟಿದ್ದರೆ ಆಗಿತ್ತು.

"ಆನ್ ಮಾಡುದ್ ತಕ್ಷಣ ನಮ್ ಫೋಟೋ ಬರಂಗೆ ಮಾಡ್ಲಾ ಅಡವಯ್ಯ, ಫ್ಲೆಕ್ಸ್ ಹಾಕ್ಸೋದು ತಪ್ತದೆ" ಎಂದರು ಶಾಲಾ ಸಮಿತಿ ಅಧ್ಯಕ್ಷ ಬಸವಲಿಂಗಯ್ಯ. ಅವರ ಮುಖ ಬಂತು. ಉಪಾಧ್ಯಕ್ಷ ಕದರಪ್ಪ ಮುನಿಸಿಕೊಂಡರು. ಅವರದೂ ಬಂತು. ಆಮೇಲೆ ಸದಸ್ಯರು, ಮಾಜಿ ಸದಸ್ಯರು. ಶುಕ್ರವಾರದ ಹೊತ್ತಿಗೆ ಹನ್ನೊಂದು ಮುಖ, ಕೊನೆಯಲ್ಲಿ ಎಲ್ಲರಿಗಿಂತ ದೊಡ್ಡದಾಗಿ ಅಡವಯ್ಯನದು. ಫ್ಲಾಪಿಯಲ್ಲಿ ಜಾಗ ಸಾಲದೆ ಕರ್ನಲ್‌ನಿಂದ ಒಂದೊಂದೇ ಕಿತ್ತ. ಯುಎಸ್‌ಬಿ ಕಿಂಡಿಗೆ ಚುಚ್ಚಿದ್ದನ್ನು ಗುರುತಿಸುವ ಭಾಗವನ್ನೂ ಬಿಡಲಿಲ್ಲ. "ಪೆನ್‌ಡ್ರೈವ್ ಯಾರ್ ಹಾಕ್ತಾರೆ ಬುಡಿ ಮೇಷ್ಟ್ರೇ" ಎಂದ. ಅವನು ಪರೀಕ್ಷಿಸಿ ನೋಡಿದ್ದು ಅಂಗಡಿಯ ದುಂಡು ಪಿನ್ನಿನ ಹಳೇ ಕೀಬೋರ್ಡಿನಲ್ಲಿ. ಶಾಲೆಯ ಎಂಟೂ ಕೀಬೋರ್ಡು ಯುಎಸ್‌ಬಿ ಕಿಂಡಿಯವು.

ಶನಿವಾರ ಅಧಿಕಾರಿಯ ಮುಂದೆ ಎಂಟೂ ಪರದೆಗಳಲ್ಲಿ ಮುಖಗಳು ಬೆಳಗಿದವು. ಚಪ್ಪಾಳೆಯೋ ಚಪ್ಪಾಳೆ. ಒಂಬತ್ತನೇ ತರಗತಿಯ ಅಶ್ವಿನಿ ಕೂತು ಹೆಸರು ಒತ್ತಿದಳು. ಏನೂ ಬರಲಿಲ್ಲ. ಮತ್ತೆ ಒತ್ತಿದಳು.

ಅಡವಯ್ಯ ಕೀಬೋರ್ಡಿನ ವೈರು ಕಿತ್ತು ತುದಿ ನೋಡಿದ, ಯುಎಸ್‌ಬಿ. ಫ್ಲಾಪಿಗಳಲ್ಲಿ ಮಂಗಳವಾರದ ಕರ್ನಲ್ ಅಳಿಸಿಯೇ ಇದನ್ನು ತುಂಬಿದ್ದ. "ಎಲ್ಡು ಮುಖ ತೆಗುದ್ರೆ ಕೀಬೋರ್ಡು ಹಿಡಿಸ್ತದೆ. ಅರ್ಧ ಗಂಟೆ ಸಾಕು. ಯಾರ್ದು ತೆಗೀಲಿ?"

ಬಸವಲಿಂಗಯ್ಯ ಸೂರು ನೋಡಿದರು. "ನಂದ್ಯಾಕ್ಲಾ?" ಎಂದರು ಕದರಪ್ಪ. ಅಡವಯ್ಯ ತನ್ನ ಮುಖದ ಮಾತೇ ಎತ್ತಲಿಲ್ಲ. ಅಧಿಕಾರಿ ಅರ್ಧ ಗಂಟೆ ಕಾದು, ಗುಜರಿಯ ಕಾಗದಕ್ಕೆ ರುಜು ಹಾಕಿ ಹೊರಟರು. ಸಂಜೆ ಸಿರಾದ ಗುಜರಿಯವನು ಎಂಟನ್ನೂ ಟೆಂಪೋಗೆ ಎಸೆದುಕೊಂಡ.

ಅಶ್ವಿನಿ ಮತ್ತೆ ಪುಸ್ತಕದ ಚಿತ್ರ ಒತ್ತುತ್ತಿದ್ದಾಳೆ. ಇಷ್ಟು ಹೊತ್ತು ಅಡವಯ್ಯನನ್ನು ಆಡಿಕೊಂಡೆ, ಈಗ ನಾಚಿಕೆಯಾಗುತ್ತಿದೆ. ಆ ಹನ್ನೊಂದರಲ್ಲಿ ಮೂರನೆಯ ಮುಖ ನನ್ನದು. ಅದನ್ನು ತೆಗಿ ಎಂದು ನಾನೂ ಹೇಳಲಿಲ್ಲ.