ಚನ್ನವೀರತ್ತೆ ನನ್ನ ನಿಶ್ಚಿತಾರ್ಥ ಮುರಿದದ್ದು

ನಮ್ಮ ಮನೆತನದ ಗಂಡಸರು ಸಾಯಲಿಕ್ಕಾದರೂ ಒಪ್ಪುತ್ತಿದ್ದರು, ಹೊಟ್ಟೆಯ ಕೆಳಗಿನ ಮಾತು ಆಡಲಿಕ್ಕೆ ಒಪ್ಪುತ್ತಿರಲಿಲ್ಲ. ಅಜ್ಜ ಮರಿಬಸಪ್ಪ ರಕ್ತ ಹೋಗಿ ಹೋಗಿ ಕಡ್ಡಿಯಾಗಿ ಸತ್ತ. ಆಗ ನಲವತ್ತು ದಾಟಿತ್ತು ಅಷ್ಟೆ. ದೊಡ್ಡಪ್ಪನೂ ಅದೇ ವಯಸ್ಸಿನಲ್ಲಿ ಹಾಗೆಯೇ ಹೋದ. ಊರಿಗೆ ಹೇಳಿದ್ದು ಮಾತ್ರ ಮೂಲವ್ಯಾಧಿ ಎಂದು. ಕುರುಗೋಡಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ನನ್ನ ಅಪ್ಪ ಕೊಟ್ಟೂರಪ್ಪನೂ ಅದನ್ನೇ ಹೇಳಿಕೊಂಡು ಬಂದ.

ಆ ಮಾತನ್ನು ನಂಬದವಳು ಅವನ ಅಕ್ಕ, ನನ್ನ ಚನ್ನವೀರತ್ತೆ. ಗಂಡ ತೀರಿಕೊಂಡ ಮೇಲೆ ಮೂಲೆ ಹಿಡಿಯದೆ ಸಿರುಗುಪ್ಪದ ಬಸ್ ನಿಲ್ದಾಣದ ಎದುರು ಮಂಡಕ್ಕಿ ಒಗ್ಗರಣೆ-ಮಿರ್ಚಿ ಅಂಗಡಿ ಹಾಕಿದವಳು. ಹೆಂಗಸು ಬೀದಿಯಲ್ಲಿ ಬಾಣಲೆ ಇಟ್ಟುಕೊಂಡು ಕೂರುವುದೇ ಎಂದು ಮೂಗು ಮುರಿದ ನೆಂಟರೇ ಬಸ್ಸಿಳಿದು ಬಿಟ್ಟಿ ಮಿರ್ಚಿ ತಿಂದು ಹೋಗುತ್ತಿದ್ದರು. ನಾಚಿಕೆಗೆಟ್ಟವರು.

ಎಪ್ಪತ್ತೇಳನೇ ಇಸವಿಯಲ್ಲೋ ಎಪ್ಪತ್ತೆಂಟರಲ್ಲೋ ಹೊಟ್ಟೆನೋವೆಂದು ಅತ್ತೆ ಬಳ್ಳಾರಿಯ ಆಸ್ಪತ್ರೆಗೆ ಹೋದಳು. ಮನೆಯಲ್ಲಿ ಯಾರು ಯಾರು ಹೇಗೆ ಸತ್ತರೆಂದು ಡಾಕ್ಟರು ಕೇಳಿದರು. ಕೇಳಿದ ಮೇಲೆ, ಸತ್ತವರದು ಮೂಲವ್ಯಾಧಿ ಇರಲಿಕ್ಕಿಲ್ಲ, ದೊಡ್ಡ ಕರುಳಿನ ಕ್ಯಾನ್ಸರ್ ಇರಬೇಕು ಎಂದರು. ತಂದೆ, ಮಗ ಇಬ್ಬರೂ ಸಣ್ಣ ವಯಸ್ಸಿಗೆ ಹೋದ ಮನೆಯಲ್ಲಿ ಉಳಿದವರಿಗೂ ಅಪಾಯ ಹೆಚ್ಚು, ಆರೋಗ್ಯವಾಗಿದ್ದರೂ ವರ್ಷಕ್ಕೊಮ್ಮೆ ಮಲ ಪರೀಕ್ಷೆ ಮಾಡಿಸಿ, ಕಣ್ಣಿಗೆ ಕಾಣದ ರಕ್ತವೂ ಅದರಲ್ಲಿ ಗೊತ್ತಾಗುತ್ತದೆ ಎಂದು ಹೇಳಿದರು. ಪರೀಕ್ಷೆಗೆ ಮುಂಚೆ ಕೆಲವು ದಿನ ಮಾಂಸ ಮುಟ್ಟಬಾರದಿತ್ತು.

"ನಾವು ಲಿಂಗ ಕಟ್ಟಿದೋರು. ಆ ಮಾತ ನಮ್ಮ ಮನ್ಯಾಗ ಇಲ್ಲ ಬಿಡ್ರಿ ಸಾಹೇಬ್ರ" ಎಂದಳು ಅತ್ತೆ. ಪಥ್ಯ ಅಲ್ಲಿಗೆ ಮುಗಿಯಿತೆಂದು ತಿಳಿದು, ಎಂದಿನಂತೆ ರೊಟ್ಟಿಯ ಜೊತೆ ಹಸಿ ಮೂಲಂಗಿ ಕಡಿದಳು. ಪರೀಕ್ಷೆಯಲ್ಲಿ ರಕ್ತ ಇದೆ ಎಂದು ಬಂತು. ಕೊಳವೆ ಹಾಕಿ ನೋಡಿದರೆ ಕರುಳು ಚೊಕ್ಕ. ಕೊನೆಗೆ ಡಾಕ್ಟರು ಏನೇನು ಉಂಡಿರಿ ಎಂದು ಕೇಳಿದಾಗ ವಿಷಯ ತಿಳಿಯಿತು. ಹಸಿ ಮೂಲಂಗಿಯೂ ಆ ಪರೀಕ್ಷೆಯ ದಾರಿ ತಪ್ಪಿಸುತ್ತದಂತೆ. ಅದನ್ನು ಬಿಟ್ಟು ಮತ್ತೆ ಮಾಡಿಸಿದಳು, ಏನೂ ಇರಲಿಲ್ಲ.

ಅಪ್ಪನಿಗೆ ಅಷ್ಟೇ ಸಾಕಾಯಿತು. "ಮೂಲಂಗಿ ಯಾವುದು, ರಕ್ತ ಯಾವುದು ತಿಳೀಲಾರದ ಪರೀಕ್ಷಾಕ್ಕ ನಾ ಡಬ್ಬಿ ಹಿಡಕೊಂಡು ಹೋಗಬೇಕೇನು?" ಎಂದು ಅಂಗಡಿಯಲ್ಲಿ ಕೂತು ನಕ್ಕಿದ್ದೇ ನಕ್ಕಿದ್ದು. ಓಣಿಯವರು ಅವಳಿಗೆ ಮೂಲಂಗಿ ಚನ್ನವೀರಮ್ಮ ಎಂದು ಹೆಸರಿಟ್ಟರು.

"ನಗ್ರಿ ನಗ್ರಿ" ಎಂದಳು ಅತ್ತೆ. "ಮೂಲಂಗಿ ತಿಂದಾಕಿ ನಾನು, ಪರೀಕ್ಷಾ ಅಲ್ಲ. ಮುಂದಿನ ವರ್ಷನೂ ಹೋಗಾಕಿನ."

ವರ್ಷ ವರ್ಷ ಹೋದಳು. ಚೀಲದಲ್ಲಿ ಏನಿದೆ ಎಂದು ಬಸ್ಸಿನಲ್ಲಿ ಯಾರಾದರೂ ಕೆದಕಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. ಕೇಳಿದವರು ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು.

ಅಪ್ಪನಿಗೆ ನಲವತ್ತು ದಾಟಿತು. ಧೋತರದಲ್ಲಿ ರಕ್ತದ ಕಲೆ ಕಂಡು ಅವ್ವ ಅಳುತ್ತ ಅತ್ತೆಗೆ ಹೇಳಿಕಳಿಸಿದಳು. ಅತ್ತೆ ಓಡಿ ಬಂದು ಬೇಡಿಕೊಂಡಳು, ಬೈದಳು. ಅಪ್ಪ ಜಗ್ಗಲಿಲ್ಲ.

"ಮೊದ್ಲು ಎರ್ರಿ ಲಗ್ನ ಆಗ್ಲಿ. ಈಗ ದವಾಖಾನಿಗೆ ಹೋದ್ರ ಸುದ್ದಿ ಆಗತೈತಿ. ರೋಗದ ಮನಿತನ ಅಂದ್ರ ಈಕಿನ್ನ ಯಾರು ಮಾಡ್ಕೋತಾರ?"

ಎರ್ರಿ ಎಂದರೆ ನಾನು, ಎರ್ರಮ್ಮ. ನನ್ನ ಹೆಸರು ಹೇಳಿಕೊಂಡು ಅವನು ಸಾಯಲು ಕೂತಿದ್ದ.

ಹಚ್ಚೊಳ್ಳಿಯ ಗಂಡಿನ ಕಡೆಯವರು ನಿಶ್ಚಯಕ್ಕೆ ಬಂದರು. ಎಲೆ-ಅಡಿಕೆ ತಟ್ಟೆ ಬದಲಾಯಿಸುವ ಮುಂಚೆ ಹುಡುಗನ ಸೋದರಮಾವ ವಾಡಿಕೆಯ ಮಾತು ಕೇಳಿದ, "ಮನಿತನದಾಗ ರೋಗ-ರುಜಿನಿ ಏನರ ಅದಾವೇನ್ರಿ?"

"ಏನಿಲ್ರಿ" ಎಂದ ಅಪ್ಪ.

"ಐತ್ರಿ" ಎಂದು ಅತ್ತೆ ಬಾಗಿಲಿಂದ ಈಚೆ ಬಂದಳು. "ನಮ್ಮಪ್ಪ, ನಮ್ಮಣ್ಣ ಕರುಳಿನ ಕ್ಯಾನ್ಸರಿನಾಗ ಹೋಗ್ಯಾರ. ಇವಂಗೂ ರಕ್ತ ಹೋಗಾಕ ಹತ್ತೈತಿ, ಮಗಳ ಲಗ್ನ ಅಂತ ಮುಚ್ಚಿಟ್ಟಾನ. ಇಷ್ಟು ಕೇಳಿನೂ ಮಾಡ್ಕೋತೀವಿ ಅಂದ್ರ ಮಾಡ್ಕೊರ್ರಿ."

ಬೀಗರಾಗಬೇಕಾದವರು ಟವೆಲ್ ಕೊಡವಿ ಎದ್ದರು. ಅವರಿಗೆಂದು ಮಾಡಿದ ಹೋಳಿಗೆ ಅಡುಗೆಮನೆಯಲ್ಲೇ ಉಳಿಯಿತು. ಆ ಹೊತ್ತಿನಲ್ಲಿ ಅತ್ತೆಯ ಮುಖ ಪರಚಿಬಿಡಬೇಕು ಅನ್ನುವಷ್ಟು ಸಿಟ್ಟು ನನಗಿತ್ತು.

"ನನ್ನ ಮಗಳ ಬಾಳು ಹಾಳು ಮಾಡಿದೆಲ್ಲಬೇ!" ಎಂದು ಅಪ್ಪ ಕೈ ಎತ್ತಿಕೊಂಡು ಬಂದ.

ಅತ್ತೆ ಹಿಂದೆ ಸರಿಯಲಿಲ್ಲ. "ಹೊಡಿ ಲೇ. ಹೊಡದು ಬಳ್ಳಾರಿ ಬಸ್ ಹತ್ತು. ಈಗ ಊರಿಗೆಲ್ಲ ಗೊತ್ತಾತು, ಮುಚ್ಚಿಡಾಕ ಏನೂ ಉಳಿದಿಲ್ಲ. ಇನ್ನ ಯಾವ ನೆವ ಹೇಳ್ತಿ?"

ಅಪ್ಪ ನನ್ನ ಕಡೆ ನೋಡಿದ. ನನ್ನ ಸಿಟ್ಟು ಇಳಿದಿರಲಿಲ್ಲ, ಆದರೂ ಅವನ ಚಪ್ಪಲಿ ತಂದು ಮುಂದೆ ಇಟ್ಟೆ. ಅವನು ಹಾಕಿಕೊಂಡ.

ಕರುಳಿನಲ್ಲಿ ಗಂಟು ಇತ್ತು. ಇನ್ನೂ ಹರಡಿಲ್ಲ, ಒಳ್ಳೆಯ ಹೊತ್ತಿಗೆ ಬಂದಿರಿ ಎಂದು ಡಾಕ್ಟರು ಆಪರೇಷನ್ ಮಾಡಿದರು. ಅಪ್ಪ ಬದುಕಿದ. ಮನೆಗೆ ಕಳಿಸುವಾಗ ಡಾಕ್ಟರು ನನ್ನತ್ತ ತಿರುಗಿ, ಇನ್ನು ನೀನೂ ಮಾಡಿಸಿಕೊಳ್ಳುತ್ತಾ ಇರಬೇಕಮ್ಮ ಎಂದರು.

ಮುಂದಿನ ವರ್ಷ ಬಳ್ಳಾರಿಯ ಕೌಲ್ ಬಜಾರಿನಿಂದ ಇನ್ನೊಂದು ಕಡೆಯವರು ನೋಡಲು ಬಂದರು. ಹುಡುಗನ ತಂದೆ ಅದೇ ಪ್ರಶ್ನೆ ಕೇಳಿದ. ಅಪ್ಪ ತಡವರಿಸಿದ. ತಲೆ ತಗ್ಗಿಸಿ ಕೂತಿದ್ದ ನಾನು ತಲೆ ಎತ್ತಿದೆ.

"ಐತ್ರಿ. ನಾ ವರ್ಷಾ ವರ್ಷಾ ಪರೀಕ್ಷಾ ಮಾಡಿಸ್ಕೊಳ್ಳಾಕಿ. ನಿಮ್ಮ ಮನ್ಯಾಗ ಯಾರ್ಯಾರು ಹೆಂಗ ಸತ್ತಾರ, ಈಗ ನೀವು ಹೇಳ್ರಿ."